ಪಕ್ಕದ ಪಾತಿಗೆ ಜಿನುಗುವ ನೀರು: ಮೆಮೊರಿ ಚಿಪ್ಪಿನ ಲೋಪ ಮತ್ತು ನಾವು ಮಾಡಬೇಕಾದ್ದು

ಕಳೆದ ಬೇಸಿಗೆಯಲ್ಲಿ ಕೈಲಾಂಚದ ನನ್ನ ಗೆಳೆಯನ ಜೆರಾಕ್ಸ್ ಅಂಗಡಿಯ ಕಂಪ್ಯೂಟರು ದಿನಕ್ಕೆ ಮೂರು ನಾಲ್ಕು ಸಲ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ಬೆಳಿಗ್ಗೆ ಸ್ಕ್ಯಾನ್ ಮಾಡಿಟ್ಟ ಮಾರ್ಕ್ಸ್ ಕಾರ್ಡನ್ನು ಮಧ್ಯಾಹ್ನ ತೆರೆದರೆ ಅರ್ಧದಿಂದ ಕೆಳಗೆ ಬರೀ ಬಣ್ಣದ ಪಟ್ಟೆ. ವೈರಸ್ ಇರಬೇಕು ಅಂದುಕೊಂಡು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿದ. ಎರಡು ಸಲವೂ ದುಡ್ಡು ಹೋಯಿತು, ಕಾಯಿಲೆ ಹೋಗಲಿಲ್ಲ. ಕೊನೆಗೆ ರಾಮನಗರದಿಂದ ಬಂದ ರಿಪೇರಿ ಹುಡುಗ ಸಿಪಿಯುವಿನ ಪಕ್ಕದ ತಗಡು ಬಿಚ್ಚಿ, ಧೂಳು ಊದಿ, ರ‍್ಯಾಮ್ ಪಟ್ಟಿಯನ್ನು ಕಿತ್ತು ಅದರ ಹೊಂಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದ. ಮತ್ತೆ ಸಿಕ್ಕಿಸಿ, ಪೆನ್‌ಡ್ರೈವ್‌ನಿಂದ ಒಂದು ಪರೀಕ್ಷೆ ಓಡಿಸಿದ. ಹತ್ತು ನಿಮಿಷದಲ್ಲಿ ಪರದೆಯ ತುಂಬ ಕೆಂಪು ಸಾಲು ಬಂದವು. ಪ್ರತಿ ಸಾಲಿನಲ್ಲೂ ಎರಡು ಸಂಖ್ಯೆ: ಮೆಮೊರಿಗೆ ಬರೆದದ್ದು ಒಂದು, ಅಲ್ಲಿಂದ ಓದಿದ್ದು ಇನ್ನೊಂದು. ಎರಡಕ್ಕೂ ಒಂದೇ ಒಂದು ಅಂಕಿಯ ವ್ಯತ್ಯಾಸ. ಹುಡುಗ ಆ ಅಂಕಿಯ ಮೇಲೆ ಬೆರಳಿಟ್ಟು, “ವೈರಸ್ಸು ಏನೂ ಇಲ್ಲ ಅಣ್ಣ, ರ‍್ಯಾಮ್ ಹೋಗೈತೆ. ನಾವು ಒಂದು ಬರೆದ್ರೆ ಅದು ಇನ್ನೊಂದು ಓದ್ತೈತೆ” ಅಂದ.

ಅದು ಸವೆದು ಹಾಳಾದ ಚಿಪ್ಪು. ಅಂಥದ್ದನ್ನು ಕಿತ್ತು ಹೊಸದು ಹಾಕಿದರೆ ಆಯಿತು. ಈ ಲೇಖನ ಬರೆಯಲು ಕಾರಣವಾದದ್ದು ಅದರ ಮುಂದಿನ ಮಾತು. ಈಗ ತಾನೇ ಪ್ಯಾಕ್ ಒಡೆದ, ಎಲ್ಲ ಪರೀಕ್ಷೆಯಲ್ಲೂ ಪಾಸಾದ ಮೆಮೊರಿ ಚಿಪ್ಪಿನಲ್ಲೂ ಇದೇ ತಪ್ಪನ್ನು ಬೇಕೆಂದೇ ಮಾಡಿಸಬಹುದು. ಅದಕ್ಕೆ ಯಾರೂ ಕಂಪ್ಯೂಟರ್ ಮುಟ್ಟಬೇಕಿಲ್ಲ, ಪಾಸ್‌ವರ್ಡ್ ಕದಿಯಬೇಕಿಲ್ಲ. ಒಂದು ಪ್ರೋಗ್ರಾಮು ಓಡಿದರೆ ಸಾಕು. ಇದಕ್ಕೆ ತಜ್ಞರು ಇಟ್ಟ ಹೆಸರು ‘ರೋಹ್ಯಾಮರ್’, ಎಂದರೆ ಸಾಲಿನ ಮೇಲೆ ಸುತ್ತಿಗೆ ಏಟು.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಮೆಮೊರಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಮೆಮೊರಿ ಕಾರ್ಡು, ‘ಮೆಮೊರಿ ಫುಲ್’ ಅನ್ನುವ ಫೋನು. ಅದು ಸಂಗ್ರಹ, ಕರೆಂಟ್ ಹೋದರೂ ಉಳಿಯುತ್ತದೆ. ನಾನು ಹೇಳುತ್ತಿರುವುದು ರ‍್ಯಾಮ್ ಬಗ್ಗೆ. ಕೆಲಸ ನಡೆಯುವಾಗ ಮಾತ್ರ ಲೆಕ್ಕ ಹಿಡಿದಿಟ್ಟುಕೊಂಡು, ಕರೆಂಟ್ ಹೋದರೆ ಮರೆತುಬಿಡುವ ಚಿಪ್ಪು ಅದು. ನೀವು ಕಂಪ್ಯೂಟರಿನಲ್ಲಿ ಏನೇ ಮಾಡಲಿ, ಪ್ರತಿ ಅಕ್ಷರವೂ ಪ್ರತಿ ರೂಪಾಯಿಯೂ ಆ ಚಿಪ್ಪಿನ ಮೂಲಕವೇ ಹಾದು ಹೋಗಬೇಕು.

ಸೋರುವ ಕೋಶ, ಒದ್ದೆಯಾಗುವ ಬದು

ಇಂದಿನ ರ‍್ಯಾಮ್‌ನ ಮೂಲ ವಿನ್ಯಾಸ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. 1968ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದು ‘1’, ಇಡಲು ಒಂದು ಪುಟ್ಟ ಕೆಪಾಸಿಟರು, ಅದಕ್ಕೆ ಬಾಗಿಲಾಗಿ ಒಂದು ಟ್ರಾನ್ಸಿಸ್ಟರು. ವಿದ್ಯುತ್ತು ತುಂಬಿದ್ದರೆ ಒಂದು ಅರ್ಥ, ಖಾಲಿಯಿದ್ದರೆ ಇನ್ನೊಂದು. ನಿಮ್ಮ ಫೋನಿನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಇಂಥ ಸುಮಾರು 6,870 ಕೋಟಿ ಕೋಶಗಳು ಸಾಲುಸಾಲಾಗಿ ಕೂತಿವೆ.

ಇವು ಸೋರುವ ಕೊಡಗಳಿದ್ದ ಹಾಗೆ. ತುಂಬಿದ್ದು ತಾನಾಗಿ ಇಳಿಯುತ್ತ ಹೋಗುತ್ತದೆ. ಅದಕ್ಕೇ ಚಿಪ್ಪು ಪ್ರತಿ ಸಾಲನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಹದಿನಾರು ಸಲ, ಓದಿ ಮತ್ತೆ ತುಂಬುತ್ತದೆ. ಇದು ರಿಫ್ರೆಶ್. ಕಂಪ್ಯೂಟರು ಆನ್ ಇರುವಷ್ಟೂ ಹೊತ್ತು ಇದು ನಿಲ್ಲುವುದಿಲ್ಲ. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಚಿಪ್ಪು 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡು ಪಟ್ಟು ವೇಗದಲ್ಲಿ ತುಂಬಬೇಕು ಅನ್ನುವುದು ನಿಯಮ. ಬಂಡೆ ಕಾದು ರಾತ್ರಿಯೂ ಸೆಕೆ ಬಿಡದ ನಮ್ಮ ಕಡೆ, ಧೂಳು ಕಟ್ಟಿದ ಫ್ಯಾನಿನ ಕಂಪ್ಯೂಟರಿಗೆ ಇದು ನೆನಪಿಡಬೇಕಾದ ವಿಷಯ.

ಈಗ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುವುದನ್ನು ನೆನೆಸಿಕೊಳ್ಳಿ. ಒಂದು ಪಾತಿಗೆ ನೀರು ತಿರುಗಿಸುತ್ತೀರಿ, ಕಟ್ಟುತ್ತೀರಿ, ಮುಂದಿನದಕ್ಕೆ ಹೋಗುತ್ತೀರಿ. ಬದು ದಪ್ಪವಿದ್ದರೆ ಪಕ್ಕದ ಪಾತಿ ಒಣಗಿಯೇ ಇರುತ್ತದೆ. ಜಾಗ ಉಳಿಸಲು ಬದುವನ್ನು ಸಣ್ಣ ಮಾಡುತ್ತ ಬಂದು, ಒಂದೇ ಪಾತಿಗೆ ಮತ್ತೆ ಮತ್ತೆ ನೀರು ತೆರೆದು ಮುಚ್ಚಿದರೆ? ನೀವು ಮುಟ್ಟದ ಪಕ್ಕದ ಪಾತಿಗೂ ನೀರು ಜಿನುಗುತ್ತದೆ. ಮೆಮೊರಿ ಚಿಪ್ಪಿನಲ್ಲಿ ಆಗಿರುವುದು ಇದೇ. ಅದೇ ಬೆರಳುಗುರಿನಷ್ಟು ಜಾಗದಲ್ಲಿ ವರ್ಷ ವರ್ಷವೂ ಹೆಚ್ಚು ಕೋಶ ತುಂಬಿಸಲು ಹೋಗಿ ಸಾಲು ಸಾಲಿನ ನಡುವಿನ ಬದು ತೆಳ್ಳಗಾಯಿತು. ಒಂದು ಸಾಲನ್ನು ರಿಫ್ರೆಶ್ ಬರುವುದರೊಳಗೆ ಲಕ್ಷ ಸಲ ತೆರೆದು ಮುಚ್ಚಿದರೆ ಪಕ್ಕದ ಸಾಲಿನ ಕೋಶ ಬೇಗ ಸೋರಿ, 1 ಇದ್ದದ್ದು 0 ಆಗುತ್ತದೆ, ಇಲ್ಲವೇ 0 ಇದ್ದದ್ದು 1.

ಇದನ್ನು 2014ರಲ್ಲಿ ಮೊದಲು ವಿವರವಾಗಿ ತೋರಿಸಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಯೂಂಗು ಕಿಮ್, ಓನುರ್ ಮುಟ್ಲು ಮತ್ತು ಇಂಟೆಲ್‌ನ ಅವರ ಜೊತೆಗಾರರು. ಮೂರು ದೊಡ್ಡ ಕಂಪನಿಗಳ 129 ರ‍್ಯಾಮ್ ಪಟ್ಟಿಗಳನ್ನು ಪರೀಕ್ಷಿಸಿದಾಗ 110ರಲ್ಲಿ ಈ ದೋಷ ಕಂಡಿತು. 2012 ಮತ್ತು 2013ರಲ್ಲಿ ತಯಾರಾದವುಗಳಲ್ಲಿ ಒಂದೂ ಬಿಡದೆ ಎಲ್ಲವೂ ಬಿದ್ದವು. ಆಗ ಕನಿಷ್ಠ 1,39,000 ಸಲ ತೆರೆದರೆ ಬಿಟ್ ತಿರುಗುತ್ತಿತ್ತು. 2020ರ ಹೊತ್ತಿಗೆ ಫೋನುಗಳಲ್ಲಿ ಬರುವ ಕೆಲವು ಚಿಪ್ಪುಗಳಲ್ಲಿ ಎರಡೂ ಪಕ್ಕದಿಂದ ಸುಮಾರು 4,800 ಸಲ ಬಡಿದರೆ ಸಾಕಾಗಿತ್ತು. ಬದು ಎಷ್ಟು ತೆಳ್ಳಗಾಗಿದೆ ಎಂದು ತಿಳಿಯಲು ಈ ಎರಡು ಸಂಖ್ಯೆ ಸಾಕು.

ಒಂದು ಬಿಟ್ ಎಷ್ಟು ಬೆಲೆ ಬಾಳುತ್ತದೆ

ರಾಮನಗರದ ಗೂಡಿನ ಮಾರುಕಟ್ಟೆಗೆ 52 ಕೆಜಿ ಗೂಡು ಹಾಕಿದಿರಿ ಎಂದುಕೊಳ್ಳಿ. ಕಂಪ್ಯೂಟರಿಗೆ 52 ಅಂದರೆ 110100. ಎಡದಿಂದ ಓದಿದರೆ 32ರದು ಒಂದು, 16ರದು ಒಂದು, 4ರದು ಒಂದು. ಕೂಡಿದರೆ 52. ಆ 16ರ ಜಾಗದ ‘1’ ಮಾತ್ರ ಸೋರಿ ‘0’ ಆದರೆ ಉಳಿಯುವುದು 36. ಹದಿನಾರು ಕೆಜಿ ಗೂಡು ಲೆಕ್ಕದಿಂದ ಮಾಯ. ಎಚ್ಚರಿಕೆ ಇಲ್ಲ, ಗಂಟೆ ಬಾರಿಸುವುದಿಲ್ಲ. 36 ಕೂಡ ಒಳ್ಳೆಯ ಸಂಖ್ಯೆಯೇ ಆದ್ದರಿಂದ ಯಂತ್ರಕ್ಕೆ ಅನುಮಾನವೂ ಬರುವುದಿಲ್ಲ. ಇದು ನಾನು ಕೊಟ್ಟ ಉದಾಹರಣೆ, ಮಾರುಕಟ್ಟೆಯಲ್ಲಿ ನಡೆದದ್ದಲ್ಲ.

ನಿಜವಾಗಿ ನಡೆದದ್ದು ಬೆಲ್ಜಿಯಂನಲ್ಲಿ. 2003ರ ಮೇ 18ರ ಚುನಾವಣೆಯಲ್ಲಿ ಬ್ರಸೆಲ್ಸ್‌ನ ಸ್ಕಾರ್‌ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಬೀಳಲು ಸಾಧ್ಯವೇ ಇಲ್ಲದಷ್ಟು ಮತ ಬಿದ್ದಿತ್ತು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4,096. ಅದು ಬಲದಿಂದ ಹದಿಮೂರನೆಯ ಬಿಟ್ಟಿನ ಬೆಲೆ. ತಂತ್ರಾಂಶದಲ್ಲಿ ತಪ್ಪು ಸಿಗದೆ, ಮೆಮೊರಿಯಲ್ಲಿ ಒಂದು ಬಿಟ್ ತಾನಾಗಿ ತಿರುಗಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಮತ ಅಷ್ಟು ಅತಿಯಾಗಿದ್ದರಿಂದ ಸಿಕ್ಕಿಬಿತ್ತು. ಹದಿನಾರೋ ಮೂವತ್ತೆರಡೋ ಹೆಚ್ಚಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹೀಗೆ ತಾನಾಗಿ ತಿರುಗಲು ಒಂದು ಕಾರಣ ಆಕಾಶದಿಂದ ಸುರಿಯುವ ವಿಶ್ವಕಿರಣ. ಈ ಕಿರಣಗಳ ಅಧ್ಯಯನದಲ್ಲಿ ನಮ್ಮ ನಾಡಿಗೂ ಹೆಸರಿದೆ. ನಂಜನಗೂಡು ಮೂಲದ ವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಿಳಿದು, ನೆಲದೊಳಗೆ ಎಷ್ಟು ಆಳಕ್ಕೆ ಹೋದರೆ ಈ ಕಿರಣ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದರು. ಇನ್ನೊಂದು ಕಾರಣ ಚಿಪ್ಪಿನ ಹೊದಿಕೆಯಲ್ಲೇ ಇರುವ ಸೂಕ್ಷ್ಮ ವಿಕಿರಣ. ಇಂಟೆಲ್‌ನ ತಿಮೊಥಿ ಮೇ ಮತ್ತು ಮರ‍್ರೇ ವುಡ್ಸ್ 1970ರ ದಶಕದ ಕೊನೆಯಲ್ಲಿ ಅದನ್ನು ಕಂಡುಹಿಡಿದರು. ತಪ್ಪು ಎಷ್ಟು ಸಾಮಾನ್ಯ ಎನ್ನುವುದನ್ನು ಗೂಗಲ್ ತನ್ನ ಸರ್ವರುಗಳಲ್ಲೇ ಎಣಿಸಿ 2009ರಲ್ಲಿ ಪ್ರಕಟಿಸಿತು: ವರ್ಷಕ್ಕೆ ಸುಮಾರು ಮೂರರಲ್ಲಿ ಒಂದು ಯಂತ್ರದಲ್ಲಿ ಒಮ್ಮೆಯಾದರೂ ಮೆಮೊರಿ ತಪ್ಪು ಕಂಡಿತ್ತು.

ಆಕಾಶದಿಂದ ಬಿದ್ದ ತಪ್ಪಿಗೆ ಉದ್ದೇಶವಿರುವುದಿಲ್ಲ. ರೋಹ್ಯಾಮರ್‌ಗೆ ಇರುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡ ವ್ಯತ್ಯಾಸ.

ಪಹಣಿ ಪುಸ್ತಕಕ್ಕೇ ಕೈ ಹಾಕಿದಂತೆ

ಬಿಟ್ ಒಂದು ತಿರುಗಿದ ಮಾತ್ರಕ್ಕೆ ಕಂಪ್ಯೂಟರು ಹೇಗೆ ಕೈವಶವಾಗುತ್ತದೆ ಎಂದು ಕೇಳುವವರಿಗೆ ನಮ್ಮ ಪಹಣಿಯೇ ಉತ್ತರ. ಯಾವ ಸರ್ವೆ ನಂಬರು ಯಾರ ಹೆಸರಲ್ಲಿದೆ ಎಂದು ಪಹಣಿ ಹೇಳುವ ಹಾಗೆ, ಮೆಮೊರಿಯ ಯಾವ ಭಾಗ ಯಾವ ಪ್ರೋಗ್ರಾಮಿನದು ಎಂದು ಹೇಳುವ ಒಂದು ಪಟ್ಟಿ ಪ್ರತಿ ಕಂಪ್ಯೂಟರಿನಲ್ಲೂ ಇರುತ್ತದೆ. ಅದೂ ಅದೇ ರ‍್ಯಾಮ್‌ನಲ್ಲೇ ಇರುತ್ತದೆ. ಸಾಮಾನ್ಯ ಪ್ರೋಗ್ರಾಮಿಗೆ ಆ ಪಟ್ಟಿ ಮುಟ್ಟುವ ಅಧಿಕಾರವಿಲ್ಲ. ಆದರೆ ಅದರ ಪಕ್ಕದ ಸಾಲು ತನ್ನದೇ ಆದರೆ ಅದನ್ನು ಎಷ್ಟು ಸಲ ಬೇಕಾದರೂ ತೆರೆದು ಮುಚ್ಚಬಹುದಲ್ಲ? ಹಾಗೆ ಬಡಿದೂ ಬಡಿದೂ ಪಟ್ಟಿಯಲ್ಲಿ ಒಂದು ಅಂಕಿ ತಿರುಗಿ, ಪಟ್ಟಿಯ ಪುಟವೇ ತನ್ನ ಹೆಸರಿಗೆ ಬಂದರೆ, ಮುಂದೆ ಇಡೀ ಊರಿನ ಜಮೀನು ತನ್ನದೆಂದು ತಾನೇ ಬರೆದುಕೊಳ್ಳಬಹುದು. 2015ರ ಮಾರ್ಚ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇದನ್ನೇ ಮಾಡಿ ತೋರಿಸಿತು. ಅವರು ಪರೀಕ್ಷಿಸಿದ 29 ಲ್ಯಾಪ್‌ಟಾಪ್‌ಗಳಲ್ಲಿ 15ರಲ್ಲಿ ಬಿಟ್ ತಿರುಗಿತು.

ಆಮೇಲೆ ವರ್ಷಕ್ಕೊಂದು ಹೊಸ ದಾರಿ ತೆರೆಯಿತು. ಆಸ್ಟ್ರಿಯಾದ ಗ್ರಾಜ್‌ನ ಸಂಶೋಧಕರು ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಿಂದಲೇ ಬಿಟ್ ತಿರುಗಿಸಿದರು. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯದವರು ‘ಡ್ರ್ಯಾಮರ್’ ಎಂಬ ಹೆಸರಿನಲ್ಲಿ ಯಾವ ಅನುಮತಿಯನ್ನೂ ಕೇಳದ ಆ್ಯಪ್ ಒಂದರಿಂದ ಆಂಡ್ರಾಯ್ಡ್ ಫೋನಿನ ಪೂರ್ತಿ ಹಿಡಿತ ಪಡೆದರು. ಅದೇ ವರ್ಷ ಐಐಟಿ ಖರಗ್‌ಪುರದ ಸಾರಣಿ ಭಟ್ಟಾಚಾರ್ಯ ಮತ್ತು ದೇಬ್‌ದೀಪ್ ಮುಖೋಪಾಧ್ಯಾಯ ಗೂಢಲಿಪಿಯ ರಹಸ್ಯ ಕೀಲಿಯ ಬಿಟ್ಟನ್ನೇ ತಿರುಗಿಸಿ ಕೀಲಿ ಹೊರತೆಗೆಯುವ ದಾರಿ ತೋರಿಸಿದರು. 2019ರ ‘ರ‍್ಯಾಮ್‌ಬ್ಲೀಡ್’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಕ್ಕದ ಸಾಲಿನಲ್ಲಿ ಏನು ಬರೆದಿದೆ ಎಂದು ಓದಲೂ ಇದೇ ಜಿನುಗು ಸಾಕು ಎಂದಿತು.

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಚಿಪ್ಪಿನೊಳಗೇ ಒಂದು ಕಾವಲು ಇಟ್ಟವು: ಯಾವುದಾದರೂ ಸಾಲು ಅತಿಯಾಗಿ ತೆರೆದರೆ ಅದರ ನೆರೆಯ ಸಾಲನ್ನು ಬೇಗ ತುಂಬುವುದು. ಇನ್ನು ಭಯವಿಲ್ಲ ಎಂದೂ ಸಾರಿದವು. 2020ರಲ್ಲಿ ಸಂಶೋಧಕರು ಆ ಕಾವಲುಗಾರ ಎಲ್ಲ ಸಾಲನ್ನೂ ನೋಡಲಾರ ಎಂದು ಕಂಡುಕೊಂಡು 42 ರ‍್ಯಾಮ್ ಪಟ್ಟಿಗಳಲ್ಲಿ 13ರ ಕಾವಲು ಮುರಿದರು. 2021ರ ‘ಬ್ಲ್ಯಾಕ್‌ಸ್ಮಿತ್’ ಪರೀಕ್ಷೆಯಲ್ಲಿ 40ಕ್ಕೆ 40 ಪಟ್ಟಿಯೂ ಸೋತವು. ಅದೇ ವರ್ಷ ಗೂಗಲ್‌ನವರು ನೀರು ಒಂದು ಪಾತಿ ದಾಟಿ ಅದರಾಚೆಯ ಪಾತಿಗೂ ಜಿನುಗುತ್ತದೆ ಎಂದು ತೋರಿಸಿದರು. 2025ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನ ಇಟಿಎಚ್ ಮತ್ತು ಗೂಗಲ್ ತಂಡ ‘ಫೀನಿಕ್ಸ್’ ಎಂಬ ಹೆಸರಿನಲ್ಲಿ ಎಸ್‌ಕೆ ಹೈನಿಕ್ಸ್‌ನ ಮುಂದಿನ ತಲೆಮಾರಿನ ಡಿಡಿಆರ್5 ಪಟ್ಟಿ ಹದಿನೈದನ್ನು ತೆಗೆದುಕೊಂಡು ಹದಿನೈದರಲ್ಲೂ ಬಿಟ್ ತಿರುಗಿಸಿತು. ಒಂದು ಮಾಮೂಲಿ ಕಂಪ್ಯೂಟರನ್ನು ಎರಡು ನಿಮಿಷದೊಳಗೆ ಕೈವಶ ಮಾಡಿಕೊಂಡಿತು.

ಇಷ್ಟು ಓದಿ ಗಾಬರಿಯಾಗಬೇಡಿ. ಮೇಲಿನ ದಾಳಿಗಳೆಲ್ಲ ಪ್ರಯೋಗಾಲಯದ ಕೆಲಸ. ಇದನ್ನು ಬಳಸಿ ಊರಿನವರ ಖಾತೆಯಿಂದ ದುಡ್ಡು ದೋಚಿದ ಪ್ರಕರಣ ಬೆಳಕಿಗೆ ಬಂದಿಲ್ಲ. ನಮ್ಮ ಹೋಬಳಿಯಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಿರುವುದು ಒಟಿಪಿ ಹೇಳಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೈಲು ಒತ್ತಿ. ಹಾಗೆ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದು ಇಂದಿನ ಅಪಾಯ. ಚಿಪ್ಪಿನ ಲೋಪ ನಿಧಾನವಾಗಿ ಬರುವ ಅಪಾಯ. ಹೊಸ ಯಂತ್ರ ಕೊಳ್ಳುವಾಗ, ಹಳೆಯದನ್ನು ಇಟ್ಟುಕೊಳ್ಳುವಾಗ ಒಂದಿಷ್ಟು ತಿಳಿದಿದ್ದರೆ ಅದಕ್ಕೆ ತಡೆ ಹಾಕಬಹುದು.

ಮೊದಲು ಜೇಬಿನ ಫೋನು

ಫೋನಿನ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲಾಗದು. ಹಾಗಾಗಿ ನಮ್ಮ ಕೈಲಿರುವುದು ಎರಡೇ ಕೆಲಸ. ಒಂದು, ಅಪ್‌ಡೇಟ್. ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ಒಳಗೆ, ಕೆಲವು ಫೋನುಗಳಲ್ಲಿ ‘ಸೆಕ್ಯುರಿಟಿ’ ಒಳಗೆ, ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಡ್ರ್ಯಾಮರ್ ಹೊರಬಿದ್ದಾಗ ಅದಕ್ಕೆ ಅಡ್ಡಗಾಲು ಹಾಕಿದ್ದು ಇಂಥ ಅಪ್‌ಡೇಟೇ. ಚಿಪ್ಪಿನ ಬದು ದಪ್ಪವಾಗಲಿಲ್ಲ, ಆದರೆ ಪಹಣಿ ಪಟ್ಟಿಯ ಪಕ್ಕದ ಸಾಲು ಯಾವುದೋ ಆ್ಯಪ್‌ಗೆ ಸುಲಭವಾಗಿ ಸಿಗದ ಹಾಗೆ ಜಾಗ ಹಂಚುವ ಕ್ರಮ ಬದಲಾಯಿತು. ಆ ದಿನಾಂಕ ಎರಡು ವರ್ಷಕ್ಕಿಂತ ಹಳೆಯದಾಗಿದ್ದು ಹೊಸ ಅಪ್‌ಡೇಟ್ ಬರುತ್ತಲೇ ಇಲ್ಲವಾದರೆ, ಆ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳಬೇಡಿ. ಹಾಡು ಕೇಳಲು, ಮಕ್ಕಳ ಪಾಠಕ್ಕೆ ಇರಲಿ.

ಎರಡು, ಪ್ಲೇಸ್ಟೋರ್ ಬಿಟ್ಟು ಬೇರೆಡೆಯಿಂದ ಆ್ಯಪ್ ಹಾಕಬೇಡಿ. ಮದುವೆ ಪತ್ರಿಕೆ, ಪಿಎಂ ಕಿಸಾನ್ ಪಟ್ಟಿ, ಗಾಡಿಯ ದಂಡದ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ‘ಎಪಿಕೆ’ ಫೈಲುಗಳನ್ನು ತೆರೆಯಲೇಬೇಡಿ. ಒಟಿಪಿ ಕಳ್ಳನಿಗೂ ರೋಹ್ಯಾಮರ್‌ಗೂ ಒಳಬರಲು ಬೇಕಾದ್ದು ಅದೇ ಬಾಗಿಲು. ಒಂದು ಅಗುಳಿ ಹಾಕಿದರೆ ಇಬ್ಬರಿಗೂ ಅಡ್ಡಿ.

ಅಂಗಡಿಯ, ಮನೆಯ ಕಂಪ್ಯೂಟರು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೂ ಅದರಲ್ಲೇ ಇದ್ದವರು ವಿಂಡೋಸ್ 11 ಹಿಡಿಸುವ ಯಂತ್ರವೇ ಎಂದು ನೋಡಿ, ಇಲ್ಲವಾದರೆ ಲಿನಕ್ಸ್ ಹಾಕಿಸಿಕೊಳ್ಳಿ. ಜೆರಾಕ್ಸ್, ಡಿಟಿಪಿ ಕೆಲಸಕ್ಕೆ ಹೊಂದುತ್ತದೆಯೇ ಎಂದು ಒಂದು ವಾರ ಪ್ರಯತ್ನಿಸಿ ನೋಡಿದರೆ ಗೊತ್ತಾಗುತ್ತದೆ. ಬ್ರೌಸರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಮುಚ್ಚಿ ತೆರೆಯಿರಿ. ಇಳಿಸಿಕೊಂಡ ಅಪ್‌ಡೇಟ್ ಆಗಲೇ ಜಾರಿಗೆ ಬರುವುದು. ತಿಂಗಳುಗಟ್ಟಲೆ ಮೂವತ್ತು ಟ್ಯಾಬ್ ತೆರೆದಿಟ್ಟ ಅಂಗಡಿಗಳನ್ನು ನಾನು ಕಂಡಿದ್ದೇನೆ.

ಬಯಾಸ್ ಅಪ್‌ಡೇಟ್ ಬಗ್ಗೆ ಒಂದೆರಡು ಮಾತು ಹೆಚ್ಚೇ ಹೇಳಬೇಕು. ರಿಫ್ರೆಶ್ ವೇಗ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಬಯಾಸ್, ಎಂದರೆ ಕಂಪ್ಯೂಟರು ಆನ್ ಆದ ಕೂಡಲೇ ಮೊದಲು ಎಚ್ಚರವಾಗುವ ಪುಟ್ಟ ತಂತ್ರಾಂಶ. 2015ರ ಜೂನ್‌ನಲ್ಲಿ ಆ್ಯಪಲ್ ತನ್ನ ಮ್ಯಾಕ್‌ಗಳಿಗೆ ಕೊಟ್ಟ ಪರಿಹಾರವೂ ಇದೇ, ರಿಫ್ರೆಶ್ ಹೆಚ್ಚಿಸಿತು. ಫೀನಿಕ್ಸ್ ತಂಡ ಸೂಚಿಸಿದ್ದೂ ರಿಫ್ರೆಶ್ ಮೂರು ಪಟ್ಟು ಮಾಡಿ ಎಂದೇ. ಸೋರುವ ಕೊಡವನ್ನು ಬೇಗ ಬೇಗ ತುಂಬಿದರೆ ಜಿನುಗಿಗೆ ಸಮಯ ಸಿಗುವುದಿಲ್ಲ. ಯಂತ್ರ ತುಸು ನಿಧಾನವಾಗುತ್ತದೆ, ಆಗಲಿ. ಬಯಾಸ್ ಅಪ್‌ಡೇಟನ್ನು ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಎದ್ದೇಳದ ಅಪಾಯವಿದೆ. ಆದ್ದರಿಂದ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಸಿಕ್ಕಿಸಿರಲಿ.

ಅದೇ ಬಯಾಸ್‌ನಲ್ಲಿ ‘ಎಕ್ಸ್‌ಎಂಪಿ’ ಎಂಬ ಆಯ್ಕೆ ಇರುತ್ತದೆ, ರ‍್ಯಾಮನ್ನು ಗೊತ್ತುಪಡಿಸಿದ್ದಕ್ಕಿಂತ ವೇಗವಾಗಿ ಓಡಿಸುವುದಕ್ಕೆ. ಆಟ ಆಡುವ ಹುಡುಗರಿಗೆ ಅದು ಇಷ್ಟ. ಲೆಕ್ಕ ಇಡುವ ಯಂತ್ರದಲ್ಲಿ ಅದನ್ನು ಆಫ್ ಮಾಡಿಸಿ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ವಿಂಡೋಸ್‌ನಲ್ಲಿ ‘ಮೆಮೊರಿ ಡಯಾಗ್ನೋಸ್ಟಿಕ್’ ಎಂದು ಹುಡುಕಿದರೆ ಒಂದು ಸಾಧನ ಸಿಗುತ್ತದೆ, ಮೇಲುಮೇಲಿನ ತಪಾಸಣೆಗೆ ಸಾಕು. ರಿಪೇರಿ ಹುಡುಗ ಬಳಸಿದ್ದು ‘ಮೆಮ್‌ಟೆಸ್ಟ್86’. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಅದರ ಕೊನೆಯ ಹಂತಗಳಲ್ಲಿ ‘ಹ್ಯಾಮರ್ ಟೆಸ್ಟ್’ ಇದೆ. ಸಾಲುಗಳನ್ನು ಬೇಕೆಂದೇ ಬಡಿದು ಪಕ್ಕದ ಸಾಲು ಸೋರುತ್ತದೆಯೇ ಎಂದು ನೋಡುವುದು ಅದೇ. ಸಂಜೆ ಅಂಗಡಿ ಬಾಗಿಲು ಹಾಕುವಾಗ ಶುರು ಮಾಡಿ ಬೆಳಿಗ್ಗೆ ನೋಡಿ. ಬೇರೆ ಹಂತಗಳಲ್ಲಿ ಒಂದೇ ಒಂದು ತಪ್ಪು ಬಂದರೂ ಆ ಪಟ್ಟಿ ಬದಲಿಸಿ, ಮಾತಿಲ್ಲ. ಹ್ಯಾಮರ್ ಹಂತದಲ್ಲಿ ಮಾತ್ರ ತಪ್ಪು ಬಂದರೆ ದಿನನಿತ್ಯದ ಕೆಲಸಕ್ಕೆ ತೊಂದರೆಯಿಲ್ಲ, ಆದರೆ ಊರವರ ದಾಖಲೆ, ದುಡ್ಡಿನ ಲೆಕ್ಕ ಅದರಲ್ಲಿ ಬೇಡ. ಹ್ಯಾಮರ್ ಹಂತ ಪಾಸಾದರೆ ಚಿಪ್ಪು ಪೂರ್ತಿ ಗಟ್ಟಿ ಎಂದೂ ಅಲ್ಲ. ಈ ಪರೀಕ್ಷೆ ಹಳೆಯ, ಸರಳ ಏಟುಗಳನ್ನಷ್ಟೇ ಹೊಡೆಯುತ್ತದೆ.

ಇಸಿಸಿ ಎಂದು ಕೇಳಿ

ನನ್ನ ಮಾತಿನ ತಿರುಳು ಇಲ್ಲಿದೆ. ಕಿರಾಣಿ ಅಂಗಡಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಅಡ್ಡ ಮೊತ್ತ, ಉದ್ದ ಮೊತ್ತ ಎರಡನ್ನೂ ಹಾಕಿ ತಾಳೆ ನೋಡುತ್ತಿದ್ದರು. ಮಧ್ಯದಲ್ಲಿ ಒಂದು ಅಂಕಿ ತಪ್ಪಿದರೆ ಒಂದು ಅಡ್ಡ ಸಾಲು, ಒಂದು ಉದ್ದ ಸಾಲು ಕೆಡುತ್ತಿತ್ತು. ಎರಡೂ ಕೂಡುವ ಮನೆಯಲ್ಲೇ ತಪ್ಪು. ‘ಇಸಿಸಿ’ ಮೆಮೊರಿ ಮಾಡುವುದು ಇದನ್ನೇ. ಪ್ರತಿ 64 ಬಿಟ್ ಲೆಕ್ಕಕ್ಕೆ ಎಂಟು ಬಿಟ್ ತಾಳೆ ಲೆಕ್ಕ ಜೊತೆಗಿರುತ್ತದೆ. ಒಂದು ಬಿಟ್ ತಿರುಗಿದರೆ ತಾನೇ ತಿದ್ದುತ್ತದೆ, ಎರಡು ತಿರುಗಿದರೆ ತಪ್ಪಾಗಿದೆ ಎಂದು ಕೂಗಿ ಹೇಳುತ್ತದೆ. ದೊಡ್ಡ ಸರ್ವರುಗಳಲ್ಲಿ ಇದು ಮಾಮೂಲು. ನಮ್ಮ ಅಂಗಡಿ, ಸೊಸೈಟಿ, ಶಾಲೆಗಳಿಗೆ ಮಾರುವ ಯಂತ್ರಗಳಲ್ಲಿ ಇರುವುದಿಲ್ಲ. ಲಿನಕ್ಸ್ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ 2021ರ ಜನವರಿಯಲ್ಲಿ ಇದೇ ವಿಷಯಕ್ಕೆ ಇಂಟೆಲ್ ಮೇಲೆ ಹರಿಹಾಯ್ದರು. ಸಾಮಾನ್ಯರ ಕಂಪ್ಯೂಟರಿಗೆ ಇಸಿಸಿ ಬೇಡವೆಂದು ಕಂಪನಿಗಳು ಹೇಳಿಕೊಂಡು ಬಂದದ್ದು ತಪ್ಪು, ರೋಹ್ಯಾಮರ್ ಅದಕ್ಕೆ ಸಾಕ್ಷಿ ಎಂದರು. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಕೈಲಾಂಚದ ರೈತನ ಲೆಕ್ಕಕ್ಕೆ ಬೆಂಗಳೂರಿನ ಬ್ಯಾಂಕಿನ ಲೆಕ್ಕಕ್ಕಿಂತ ಕಡಿಮೆ ಕಾವಲು ಏಕಿರಬೇಕು?

ಇಸಿಸಿಯನ್ನೂ ಮುರಿಯಬಹುದು ಎಂದು ಆಮ್‌ಸ್ಟರ್‌ಡ್ಯಾಮಿನ ತಂಡ ತೋರಿಸಿದೆ, ಆದರೆ ಅದು ಬಹಳ ಕಷ್ಟದ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುವ ಕೆಲಸ. 2025ರ ಜುಲೈನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲೂ ಬಿಟ್ ತಿರುಗಿಸಿ, ಒಂದೇ ಬಿಟ್ಟಿನಿಂದ ಕೃತಕ ಬುದ್ಧಿಮತ್ತೆಯ ಮಾದರಿಯೊಂದರ ನಿಖರತೆಯನ್ನು ಶೇ 80ರಿಂದ ಶೇ 1ಕ್ಕಿಂತ ಕೆಳಗೆ ಇಳಿಸಿದಾಗ, ಎನ್ವಿಡಿಯಾ ಗ್ರಾಹಕರಿಗೆ ಹೇಳಿದ್ದೂ ಇಸಿಸಿ ಆನ್ ಮಾಡಿಕೊಳ್ಳಿ ಎಂದೇ.

ಕೊಳ್ಳುವಾಗ ಇಲ್ಲೊಂದು ಮೋಸ ಹೋಗುವ ಜಾಗವಿದೆ. “ಡಿಡಿಆರ್5 ಅಲ್ವಾ ಸಾರ್, ಅದ್ರಲ್ಲೇ ಇಸಿಸಿ ಇರುತ್ತೆ” ಎಂದು ಅಂಗಡಿಯವರು ಹೇಳಬಹುದು. ಅವರೇನೂ ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ. ಡಿಡಿಆರ್5ರಲ್ಲಿ ಚಿಪ್ಪಿನ ಒಳಗೆ ಮಾತ್ರ ತಿದ್ದುವ ಒಂದು ಏರ್ಪಾಟಿದೆ. ಏನು ತಿದ್ದಿತು, ಏನು ತಪ್ಪಿತು ಎಂದು ಅದು ಪ್ರೊಸೆಸರಿಗೆ ತಿಳಿಸುವುದಿಲ್ಲ, ಚಿಪ್ಪಿನಿಂದ ಪ್ರೊಸೆಸರಿಗೆ ಬರುವ ದಾರಿಯ ತಪ್ಪನ್ನು ಹಿಡಿಯುವುದೂ ಇಲ್ಲ. ಫೀನಿಕ್ಸ್ ತಂಡ ಸೋಲಿಸಿದ್ದು ಅಂಥ ಚಿಪ್ಪುಗಳನ್ನೇ. ಬಿಲ್ಲಿನಲ್ಲಿ ‘ಇಸಿಸಿ ಯುಡಿಐಎಂಎಂ’ ಎಂದು ಬರೆದಿರಬೇಕು. ಸಾಮಾನ್ಯ ಡಿಡಿಆರ್4 ಪಟ್ಟಿಯಾದರೆ ಕಣ್ಣಲ್ಲೇ ಗುರುತಿಸಬಹುದು: ಒಂದು ಬದಿಯಲ್ಲಿ ಕಪ್ಪು ಚೌಕಗಳನ್ನು ಎಣಿಸಿ. ಎಂಟಿದ್ದರೆ ಸಾದಾ, ಒಂಬತ್ತಿದ್ದರೆ ಇಸಿಸಿ. ಆ ಒಂಬತ್ತನೆಯದು ತಾಳೆ ಲೆಕ್ಕದ ಚಿಪ್ಪು. ಪಟ್ಟಿ ಒಂದೇ ಸಾಲದು, ಪ್ರೊಸೆಸರು, ಮದರ್‌ಬೋರ್ಡು ಎರಡೂ ಇಸಿಸಿ ಒಪ್ಪುವಂಥವಾಗಿರಬೇಕು. ಇಲ್ಲವಾದರೆ ಯಂತ್ರ ಆನ್ ಆದರೂ ತಾಳೆ ನೋಡುವವರಿಲ್ಲದೆ ಒಂಬತ್ತನೆಯ ಚಿಪ್ಪು ಸುಮ್ಮನೆ ಕೂರುತ್ತದೆ. ಕೊಟೇಶನ್ ಕೇಳುವಾಗಲೇ ಮೂರನ್ನೂ ಒಟ್ಟಿಗೆ ಬರೆಸಿಕೊಳ್ಳಿ.

ಮನೆಯ ಲ್ಯಾಪ್‌ಟಾಪ್‌ಗೆ ಇದರ ಅಗತ್ಯವಿಲ್ಲ, ದುಡ್ಡು ಹಾಳು ಮಾಡಬೇಡಿ. ಇನ್ನೊಬ್ಬರ ಲೆಕ್ಕ ಇಡುವ ಯಂತ್ರಕ್ಕೆ ಬೇಕು: ಹಾಲಿನ ಡೇರಿ, ವ್ಯವಸಾಯ ಸೇವಾ ಸಹಕಾರ ಸಂಘ, ಚೀಟಿ ವ್ಯವಹಾರ, ರೀಲರುಗಳ ಕೂಲಿ ಲೆಕ್ಕ, ಶಾಲೆಯ ಅಂಕಪಟ್ಟಿ. ಅಲ್ಲೆಲ್ಲ ದಿನದ ಕೊನೆಗೆ ಒಂದು ಮುದ್ರಿತ ಪ್ರತಿಯನ್ನೂ ತೆಗೆದಿಡಬೇಕು. ಬೆಲ್ಜಿಯಂನ 4,096 ಹೆಚ್ಚುವರಿ ಮತ ಖಚಿತವಾದದ್ದು ಮತ್ತೆ ಎಣಿಸಲು ಬೇರೊಂದು ಪ್ರತಿ ಇದ್ದದ್ದರಿಂದ.

ಮುಂದಿನ ವರ್ಷಗಳಲ್ಲಿ ಸ್ಥಿತಿ ಸುಧಾರಿಸುವ ಲಕ್ಷಣವಿದೆ. ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಡಿಡಿಆರ್5ಕ್ಕೆ ಹೊಸ ನಿಯಮ ಸೇರಿಸಿತು. ಪ್ರತಿ ಸಾಲೂ ತಾನು ಎಷ್ಟು ಸಲ ತೆರೆಯಿತು ಎಂದು ತಾನೇ ಎಣಿಸಿ, ಮಿತಿ ಮೀರಿದರೆ ಪ್ರೊಸೆಸರಿಗೆ ‘ಸ್ವಲ್ಪ ತಡಿ’ ಎಂದು ಹೇಳುವ ವ್ಯವಸ್ಥೆ ಅದು. ಕಾವಲುಗಾರ ಅಲ್ಲೊಂದು ಇಲ್ಲೊಂದು ಸಾಲನ್ನು ನೋಡುವ ಬದಲು ಪ್ರತಿ ಪಾತಿಗೂ ಒಂದೊಂದು ಲೆಕ್ಕ. ಆ ಚಿಪ್ಪುಗಳು ನಮ್ಮ ಅಂಗಡಿಗಳವರೆಗೆ ಬರಲು ಹೊತ್ತು ಹಿಡಿಯುತ್ತದೆ.

ರಿಪೇರಿಗೆ ಕೊಡುವ ಮುನ್ನ

ಇದು ಬೇರೆ ಜಾತಿಯ ಲೋಪ, ಆದರೆ ಅದೇ ಸೋರುವ ಕೊಡದ್ದು. ಕರೆಂಟ್ ತೆಗೆದ ಕೂಡಲೇ ರ‍್ಯಾಮ್ ಎಲ್ಲ ಮರೆಯುತ್ತದೆ ಎಂದೆನಲ್ಲ, ತಕ್ಷಣ ಮರೆಯುವುದಿಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಧೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಹಿಡಿದು ಚಿಪ್ಪನ್ನು ಸೊನ್ನೆಗಿಂತ 50 ಡಿಗ್ರಿ ಕೆಳಗೆ ತಣ್ಣಗಾಗಿಸಿ, ಪಟ್ಟಿ ಕಿತ್ತು ಬೇರೆ ಯಂತ್ರಕ್ಕೆ ಹಾಕಿ, ಒಳಗಿದ್ದ ಗುಪ್ತ ಕೀಲಿಗಳನ್ನು ಓದಿದರು. ಬಿಸಿಯಲ್ಲಿ ಬೇಗ ಸೋರುವ ಕೋಶ ತಣ್ಣಗಾದರೆ ನಿಮಿಷಗಟ್ಟಲೆ ಹಿಡಿದುಕೊಳ್ಳುತ್ತದೆ. ನಮ್ಮೂರ ರಿಪೇರಿ ಅಂಗಡಿಯಲ್ಲಿ ಯಾರೂ ಇದನ್ನು ಮಾಡುವುದಿಲ್ಲ. ಆದರೂ ಲ್ಯಾಪ್‌ಟಾಪನ್ನು ‘ಸ್ಲೀಪ್’ನಲ್ಲಿಟ್ಟು ಮಡಚಿ ಬಸ್ಸಿನಲ್ಲಿ ಒಯ್ಯುವ, ಹಾಗೇ ರಿಪೇರಿಗೆ ಕೊಡುವ ಅಭ್ಯಾಸ ಬಿಡಿ. ಸ್ಲೀಪ್‌ನಲ್ಲಿದ್ದಾಗ ಮೆಮೊರಿ ತುಂಬಿಯೇ ಇರುತ್ತದೆ. ಪೂರ್ತಿ ಶಟ್‌ಡೌನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಕೊಡಿ. ರಿಪೇರಿಯಿಂದ ವಾಪಸ್ ಬಂದಾಗ ರ‍್ಯಾಮ್ ಎಷ್ಟು ಜಿಬಿ ತೋರಿಸುತ್ತದೆ ಎಂದೂ ನೋಡಿ. ಒಳ್ಳೆಯ ಪಟ್ಟಿ ಕಿತ್ತು ಹಳೆಯದು ಹಾಕಿ ಕೊಟ್ಟದ್ದನ್ನು ನಾನೇ ಅನುಭವಿಸಿದ್ದೇನೆ. ಅಂದಿನಿಂದ ಪಟ್ಟಿಯ ಮೇಲಿನ ಸ್ಟಿಕರಿನ ಫೋಟೊ ತೆಗೆದಿಟ್ಟುಕೊಂಡೇ ಕೊಡುತ್ತೇನೆ.

ಗೆಳೆಯನ ಅಂಗಡಿಗೆ ಹೊಸ ಪಟ್ಟಿ ಬಂತು. ಹುಡುಗ ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆದು ಸಿಕ್ಕಿಸಿದ. ರಾತ್ರಿಯೆಲ್ಲ ಪರೀಕ್ಷೆ ಓಡಿತು. ಬೆಳಿಗ್ಗೆ ನಾಲ್ಕು ಸುತ್ತು, ತಪ್ಪು ಸೊನ್ನೆ. ಅಲ್ಲಿಂದ ನಾವು ಮೂವರೂ ಹತ್ತಿರದ ಊರಿನ ಹಾಲಿನ ಡೇರಿಗೆ ಹೋದೆವು. ಬೆಳಗಿನ ಹಾಲು ಅಳೆದು ಮುಗಿದಿತ್ತು. ಕಾರ್ಯದರ್ಶಿಯವರನ್ನು ಕೇಳಿ ಅವರ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಟಾರ್ಚ್ ಹಿಡಿದು ಚೌಕಗಳನ್ನು ಎಣಿಸಿದೆವು. ಎಂಟಿದ್ದವು. “ಇದಕ್ಕೆ ಒಂಬತ್ತಿಂದು ಹಾಕ್ಬೋದಾ?” ಎಂದು ಅವರು ಕೇಳಿದರು. ಹುಡುಗ ಮದರ್‌ಬೋರ್ಡಿನ ಹೆಸರು ನೋಡಿ, “ಈ ಬೋರ್ಡು ಒಪ್ಪಲ್ಲ ಸಾರ್, ಮುಂದಿನ ಸಲ ತಗೊಳ್ಳುವಾಗ ಬರೆಸಿ” ಅಂದ. ಅವರು ಅಲ್ಲೇ ಮೇಜಿನ ಮೇಲಿದ್ದ ನಡಾವಳಿ ಪುಸ್ತಕ ತೆಗೆದು, ಹಿಂದಿನ ಪುಟದಲ್ಲಿ ಪೆನ್ಸಿಲ್‌ನಿಂದ ‘ಇಸಿಸಿ, ಬೋರ್ಡು ಸಮೇತ’ ಎಂದು ಬರೆದುಕೊಂಡರು.